ಡಬ್ಬಿ ಮೇಲೆ ಪ್ರೊಫೆಷನಲ್, ವಾರಂಟಿ ಕೇಳಿದರೆ ಅಲ್ಲ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ವಾರಂಟಿ ಇರುವಾಗಲೇ ಕೆಟ್ಟ ರೋಟರಿ ಹ್ಯಾಮರ್ ರಿಪೇರಿಗೆ ಅರ್ಧ ಬೆಲೆ ಕೇಳಿರುವ ಬಗ್ಗೆ ದೂರು

ಮಾನ್ಯರೇ,

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಚಿಕ್ಕ ಮರಗೆಲಸದ ಶೆಡ್ ಇದೆ. ಕೆಲಸಕ್ಕೆ ನಾನು, ನನ್ನ ತಮ್ಮ ಇಬ್ಬರೇ. ಅಡುಗೆಮನೆ ಕ್ಯಾಬಿನೆಟ್, ವಾರ್ಡ್‌ರೋಬ್, ಟಿವಿ ಯೂನಿಟ್ ಮಾಡಿ, ಮನೆಗಳಿಗೆ ಹೋಗಿ ಕೂರಿಸಿ ಬರುತ್ತೇವೆ. ಕಳೆದ ದೀಪಾವಳಿ ಹೊತ್ತಿಗೆ ನಿಮ್ಮ ಕಂಪನಿಯ 26 ಎಂಎಂ ರೋಟರಿ ಹ್ಯಾಮರ್, ಅಂದರೆ ಗುದ್ದುತ್ತಾ ಗೋಡೆಗೆ ತೂತು ಕೊರೆಯುವ ಮೆಷಿನ್, ತೆಗೆದುಕೊಂಡೆವು. ಜಿಎಸ್‌ಟಿ ಸೇರಿ 11,800 ರೂಪಾಯಿ. ನಿಮ್ಮ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಸಿ ಆರು ತಿಂಗಳ ವಾರಂಟಿಯನ್ನು ಒಂದು ವರ್ಷ ಮಾಡಿಕೊಂಡೆವು. ವರ್ಷ ತುಂಬುವ ಮೊದಲೇ ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ಭಾಗ, ಹೋಯಿತು. ಈಗ ನಿಮ್ಮ ಅಧಿಕೃತ ಸರ್ವಿಸ್ ಸೆಂಟರ್ ರಿಪೇರಿಗೆ 5,900 ರೂಪಾಯಿ ಕೇಳುತ್ತಿದೆ. ವಾರಂಟಿ ಯಾಕಿಲ್ಲ ಎಂದು ಕೇಳಿದ್ದಕ್ಕೆ ಎರಡು ಕಾರಣ ಕೊಟ್ಟರು. ಒಂದು, ಓವರ್‌ಲೋಡ್ ಆಗಿದೆ. ಇನ್ನೊಂದು, ನೀವು ಕಮರ್ಷಿಯಲ್ ಕೆಲಸಕ್ಕೆ ಬಳಸಿದ್ದೀರಿ.

ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ. ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ‘ಪ್ರೊಫೆಷನಲ್’ ಎಂದಿದೆ. ಅಂಗಡಿಯವರೂ ‘ಸೈಟ್ ಕೆಲಸಕ್ಕೆ ಇದೇ ಸರಿ, ದಿನಾ ಹೊಡೆದರೂ ತಡೆಯುತ್ತೆ’ ಎಂದೇ ಮಾರಿದರು. ಕಮರ್ಷಿಯಲ್ ಬಳಕೆಗೆ ವಾರಂಟಿ ಇಲ್ಲ ಎಂಬ ಮಾತು ಇರುವುದು ವಾರಂಟಿ ಕಾರ್ಡಿನ ಹಿಂದೆ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿ. ವರ್ಷಕ್ಕೊಮ್ಮೆ ಗೋಡೆಗೆ ಫೋಟೊ ನೇತುಹಾಕುವವರು ಹನ್ನೆರಡು ಸಾವಿರದ ಹ್ಯಾಮರ್ ಯಾಕೆ ತಗೋತಾರೆ ಸ್ವಾಮಿ? ಮಾರುವಾಗ ಕಸುಬಿನವನು, ರಿಪೇರಿಗೆ ಬಂದಾಗ ಕಸುಬಿನವನಾದದ್ದೇ ತಪ್ಪು. ಇದು ಯಾವ ನ್ಯಾಯ?

ಕಾನೂನೂ ನಿಮ್ಮ ಸರ್ವಿಸ್ ಸೆಂಟರಿನವರ ಹಾಗೆ ಹೇಳುವುದಿಲ್ಲ. ಲಾಭಕ್ಕಾಗಿ ವ್ಯವಹಾರ ಮಾಡುವವರನ್ನು ಗ್ರಾಹಕರ ಲೆಕ್ಕದಿಂದ ಹೊರಗಿಟ್ಟಿರುವುದು ನಿಜ. ಆದರೆ ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವನು ಅದಕ್ಕೆಂದೇ ಕೊಂಡು ತಾನೇ ಬಳಸುವ ವಸ್ತುವಿಗೆ ಅದು ಅನ್ವಯಿಸುವುದಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಕಲಂನ ವಿವರಣೆಯಲ್ಲೇ ಇದೆ. ಅಣ್ಣತಮ್ಮ ಇಬ್ಬರೇ ದುಡಿಯುವ ಶೆಡ್ ಅದೇ ತಾನೇ?

ಇನ್ನು ಇಷ್ಟು ದುಡ್ಡು ಕೊಟ್ಟದ್ದು ಯಾಕೆ ಅನ್ನುವುದನ್ನು ಹೇಳಬೇಕು. ಯಾಕೆಂದರೆ ನಮ್ಮ ಹತ್ತಿರ ಅಗ್ಗದ ಹ್ಯಾಮರ್ ಕೂಡ ಇದೆ. ಎಸ್‌ಜೆಪಿ ರಸ್ತೆಯಲ್ಲಿ 3,200ಕ್ಕೆ ತಂದದ್ದು. ಡಬ್ಬಿ ಮೇಲೆ 1200 ವ್ಯಾಟ್ ಎಂದು ಬರೆದಿದ್ದಾರೆ. ನಿಮ್ಮದು 800 ವ್ಯಾಟ್. ಆದರೂ ತೂತು ಬೇಗ ಬೀಳುವುದು ನಿಮ್ಮದರಲ್ಲೇ. ವ್ಯಾಟ್ ಅನ್ನುವುದು ಮೆಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ಜೋರಾಗಿ ಗುದ್ದುತ್ತದೆ ಎಂಬುದಲ್ಲ. ಗುದ್ದಿನ ಲೆಕ್ಕ ಜೂಲ್‌ನಲ್ಲಿ. ನಿಮ್ಮ ಡಬ್ಬಿಯಲ್ಲಿ 2.7 ಜೂಲ್ ಎಂದಿದೆ. ಆ ಅಗ್ಗದ ಡಬ್ಬಿಯಲ್ಲಿ ಜೂಲ್ ಸುದ್ದಿಯೇ ಇಲ್ಲ.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈಗ ಮೈವಾನ್ ಗೋಡೆ ಜಾಸ್ತಿ. ಇಟ್ಟಿಗೆ, ಬ್ಲಾಕ್ ಏನೂ ಇಲ್ಲ. ಅಲ್ಯೂಮಿನಿಯಂ ಅಚ್ಚಿನಲ್ಲಿ ಪೂರ್ತಿ ಕಾಂಕ್ರೀಟ್ ಸುರಿದು ಎಬ್ಬಿಸಿದ ಗೋಡೆ, ಒಳಗೆ ಕಬ್ಬಿಣದ ರಾಡು. ಸಾದಾ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲಿನ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜಿ ಕುಲುಕುತ್ತವೆ ಅಷ್ಟೇ, ಗುದ್ದು ಬರಬೇಕಾದರೆ ಮೈಭಾರವೆಲ್ಲ ಹಾಕಿ ಒತ್ತಬೇಕು. ಈ ಗೋಡೆಗೆ ಅದು ಆಗದು. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಅದೇ ಗುದ್ದುತ್ತದೆ, ನಾವು ಸುಮ್ನೆ ನೇರ ಹಿಡಿದರೆ ಸಾಕು. ಹಾಗಾಗಿ ಈ ಮನೆಗಳಲ್ಲಿ ಕ್ಯಾಬಿನೆಟ್ ನೇತುಹಾಕುವವರಿಗೆ ಹ್ಯಾಮರ್ ಬೇಕೇ ಬೇಕು.

ಅಗ್ಗದ್ದೂ ತೂತು ಹಾಕುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬಿಟ್ (ಕೊರೆಯುವ ಸರಳು) ಹಾಕಿ ತುದಿ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತದೆ. ತೂತಿನ ಬಾಯಿ ಅಗಲವಾಗಿ, ಗೋಡೆಯೊಳಗೆ ಬಿಗಿಯಾಗಿ ಕೂರಬೇಕಾದ ಆಂಕರ್ ಸರಿಯಾಗಿ ಕಚ್ಚುವುದಿಲ್ಲ. ವೈರು ಪ್ಲಾಸ್ಟಿಕ್ಕು, ಡಿಸೆಂಬರ್ ಬೆಳಿಗ್ಗೆ ಒಣ ಬಿದಿರಿನ ಹಾಗೆ ಸೆಟೆದುಕೊಂಡಿರುತ್ತದೆ. ನಿಮ್ಮದಕ್ಕೆ ರಬ್ಬರ್ ವೈರು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕ್ಲಚ್ಚಿನದು. ಬಿಟ್ ರಾಡಿಗೆ ಸಿಕ್ಕಿಕೊಂಡಾಗ ನಿಮ್ಮ ಮೆಷಿನ್‌ನಲ್ಲಿ ಕ್ಲಚ್ ಕರಕರ ಎಂದು ಜಾರುತ್ತದೆ, ಕೈಗೆ ಏನೂ ಆಗುವುದಿಲ್ಲ. ಅಗ್ಗದ್ದರಲ್ಲೂ ಕ್ಲಚ್ ಇದೆಯಂತೆ, ಜಾರಿದ್ದನ್ನು ನಾನಂತೂ ನೋಡಿಲ್ಲ. ಒಂದು ಸಲ ನನ್ನ ತಮ್ಮ ಏಣಿ ಮೇಲೆ ನಿಂತು ಹೊಡೆಯುವಾಗ ಬಿಟ್ ಸಿಕ್ಕಿಕೊಂಡು ಮೆಷಿನ್ನೇ ತಿರುಗಿತು. ಮಣಿಕಟ್ಟು ಉಳುಕಿ ಅವನು ಸ್ಕ್ರೂಡ್ರೈವರ್ ಹಿಡಿಯಲಾರದ ಹಾಗಾಯಿತು. ನಿಮ್ಮ ಮೆಷಿನ್ ಮನೆಗೆ ಬಂದದ್ದು ಆಮೇಲೆ. ದುಬಾರಿ ಟೂಲ್ ಅಂದರೆ ಶೋಕಿ ಅನ್ನುವವರಿಗೆ ನಾನು ಈಗಲೂ ಅವನ ಮಣಿಕಟ್ಟಿನ ಕಥೆಯನ್ನೇ ಹೇಳುವುದು.

ಆದರೆ ಅಗ್ಗದ್ದರ ಆರ್ಮೇಚರ್ ಕೂಡ ಒಮ್ಮೆ ಹೋಗಿತ್ತು. ಎಸ್‌ಜೆಪಿ ರಸ್ತೆಗೆ ಒಯ್ದೆ. ರಿಪೇರಿಯವರು ನಾನು ಟೀ ಕುಡಿದು ಬರುವಷ್ಟರಲ್ಲಿ ಬೇರೆ ಆರ್ಮೇಚರ್ ಹಾಕಿ, ಹೊಸ ಗ್ರೀಸ್ ತುಂಬಿ, 650 ರೂಪಾಯಿ ತೆಗೆದುಕೊಂಡು ಕಳಿಸಿದರು. ಆ ಮೆಷಿನ್ ಮಾರಿದವನು ‘ಗ್ಯಾರಂಟಿ ವಾರಂಟಿ ಏನೂ ಕೇಳಬೇಡಿ ಅಣ್ಣ’ ಎಂದು ಬಿಲ್ಲಿನ ಮೇಲೆ ಸೀಲ್ ಹೊಡೆದೇ ಕೊಟ್ಟಿದ್ದ. ಅವನು ಏನೂ ಕೊಡುತ್ತೇನೆ ಅನ್ನಲಿಲ್ಲ, ಕೊಡಲೂ ಇಲ್ಲ, ಲೆಕ್ಕ ಚುಕ್ತಾ. ನೀವು ಒಂದು ವರ್ಷ ನೋಡಿಕೊಳ್ಳುತ್ತೇವೆ ಎಂದು ಹೇಳಿ ದುಡ್ಡು ತೆಗೆದುಕೊಂಡಿದ್ದೀರಿ. ಬೆಲೆಯಲ್ಲಿ 8,600 ರೂಪಾಯಿ ವ್ಯತ್ಯಾಸ ಇದೆಯಲ್ಲ, ಅದರಲ್ಲಿ ಆ ಮಾತಿನ ಪಾಲೂ ಇದೆ. ಬರೀ ಕ್ಲಚ್ಚು, ರಬ್ಬರ್ ವೈರಿಗೆ ನಾನು ಅಷ್ಟು ಕೊಟ್ಟಿಲ್ಲ.

ಈಗ ಓವರ್‌ಲೋಡ್ ವಿಷಯ. ಮೆಷಿನ್ ಬಿಚ್ಚುವಾಗ ನಾನು ಕೌಂಟರ್ ಮುಂದೆಯೇ ನಿಂತಿದ್ದೆ, ಫೋಟೊ ತೆಗೆದಿದ್ದೇನೆ. ಆರ್ಮೇಚರಿಗೆ ಕರೆಂಟ್ ಹಾಯಿಸುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳಲ್ಲಿ ಅಕ್ಕಪಕ್ಕದ ಎರಡು ಮಾತ್ರ ಸುಟ್ಟು ಗುಳಿ ಬಿದ್ದಿವೆ. ಉಳಿದವೆಲ್ಲ ಒಂದೇ ಸಮ ತೆಳು ಕಂದು ಬಣ್ಣದಲ್ಲಿವೆ. ಆ ಪಟ್ಟಿಗಳಿಗೆ ಉಜ್ಜುತ್ತಾ ಸವೆಯುವ ಕಾರ್ಬನ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಆರ್ಮೇಚರಿನ ಸುತ್ತ ತಿರುಗದೆ ಕೂತಿರುವ ಫೀಲ್ಡ್ ಕಾಯಿಲ್ ಹೊಸದರ ಬಣ್ಣದಲ್ಲೇ ಇದೆ, ಸುಟ್ಟ ವಾಸನೆಯೂ ಇಲ್ಲ. ಓವರ್‌ಲೋಡ್ ಆಗಿ ಹೋದ ಮೋಟರನ್ನು ಈ ಕಸುಬಿನಲ್ಲಿರುವವರೆಲ್ಲ ನೋಡಿರುತ್ತಾರೆ. ವೈಂಡಿಂಗ್ ಸುತ್ತಲೂ ಕಪ್ಪಾಗಿರುತ್ತದೆ, ವಾರ್ನಿಶ್ ಸುಟ್ಟು ಮೂಗಿಗೆ ಹೊಡೆಯುತ್ತದೆ, ಫೀಲ್ಡ್ ಕಾಯಿಲೂ ಬಚಾವಾಗುವುದಿಲ್ಲ. ಒಂದೇ ಜಾಗದಲ್ಲಿ ಸುಟ್ಟಿದೆ ಅಂದರೆ ಆ ಕಾಯಿಲಿನ ತಂತಿ ಒಳಗೆ ಬಿಟ್ಟುಕೊಂಡಿದೆ, ಇಲ್ಲವೇ ಪಟ್ಟಿಯ ಹತ್ತಿರ ಜೋಡಣೆ ಸಡಿಲವಾಗಿದೆ ಎಂದೇ ಮೊದಲು ನೋಡಬೇಕು. ಅದು ಫ್ಯಾಕ್ಟರಿಯ ತಪ್ಪು, ನಮ್ಮದಲ್ಲ. ಇದನ್ನೇ ಹೇಳಿದ್ದಕ್ಕೆ ಕೌಂಟರಿನ ಹುಡುಗ ‘ಸಿಸ್ಟಮ್‌ನಲ್ಲಿ ಓವರ್‌ಲೋಡ್ ಅಂತಾನೇ ಹಾಕಿದೀನಿ ಸರ್, ಬೇರೆ ಆಪ್ಷನ್ ಇಲ್ಲ’ ಎಂದ. ಪಾಪ, ಅವನ ಮೇಲೆ ನನಗೆ ಕೋಪವಿಲ್ಲ. ಎಸ್ಟಿಮೇಟಿನಲ್ಲಿ ಮಾತ್ರ ಆರ್ಮೇಚರ್ ಜೊತೆಗೆ ಚೆನ್ನಾಗಿರುವ ಫೀಲ್ಡ್ ಕಾಯಿಲೂ ಸೇರಿಕೊಂಡಿದೆ. ಯಾಕೆ ಎಂದು ನೀವೇ ಅವರನ್ನು ಕೇಳಿ.

ನಮಗೆ ಬೇಕಾಗಿರುವುದು ಇಷ್ಟು. ಆರ್ಮೇಚರನ್ನು ವಾರಂಟಿಯಲ್ಲಿ ಉಚಿತವಾಗಿ ಬದಲಿಸಿಕೊಡಿ. ಆಗದು ಎಂದಾದರೆ ಓವರ್‌ಲೋಡ್ ಎಂದು ಯಾವುದನ್ನು ನೋಡಿ ತೀರ್ಮಾನಿಸಿದಿರಿ ಎಂಬುದನ್ನು ಪರೀಕ್ಷೆ ಮಾಡಿದವರ ಸಹಿ ಹಾಕಿಸಿ, ಕನ್ನಡದಲ್ಲಿ ಬರೆದು ಕೊಡಿ. ಮೆಷಿನ್ ಇಲ್ಲದೆ ಬಾಡಿಗೆಗೆ ಹ್ಯಾಮರ್ ತಂದು ಕೆಲಸ ಮಾಡುತ್ತಿದ್ದೇವೆ, ಅದರ ರಸೀದಿಗಳನ್ನು ಇಟ್ಟುಕೊಂಡಿದ್ದೇನೆ. 15 ದಿನದೊಳಗೆ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಆಗ ಬಾಡಿಗೆ ದುಡ್ಡನ್ನೂ ಸೇರಿಸಿ ಕೇಳುತ್ತೇನೆ.

ಇನ್ನೊಂದು ಮಾತು, ಇದು ನಿಮ್ಮ ವ್ಯಾಪಾರದ ವಿಷಯ. ಕಾರ್ಡ್‌ಲೆಸ್ ಡ್ರಿಲ್ ಮತ್ತು ಇಂಪ್ಯಾಕ್ಟ್ ಡ್ರೈವರ್ ಎರಡನ್ನೂ ಈ ವರ್ಷ ತಗೋಬೇಕು ಎಂದುಕೊಂಡಿದ್ದೆವು. ಮಾರುಕಟ್ಟೆಯಲ್ಲಿ 48 ವೋಲ್ಟ್ ಎಂದು ಸ್ಟಿಕ್ಕರ್ ಹಚ್ಚಿದ ಅಗ್ಗದವು ಬೇಕಾದಷ್ಟಿವೆ. ಬಿಚ್ಚಿದರೆ ಒಳಗೆ ಐದು ಸೆಲ್ ಸಾಲು, ಒಂದೊಂದು 3.6 ವೋಲ್ಟ್, ಒಟ್ಟು 18. ಅಂಥ ಸುಳ್ಳು ಸ್ಟಿಕ್ಕರಿಗೆ ನಾವು ಬೀಳುವುದಿಲ್ಲ, ನಿಮ್ಮ 18 ವೋಲ್ಟ್ ಕಿಟ್ಟನ್ನೇ ನೋಡಿಟ್ಟಿದ್ದೆವು. ಆದರೆ ಒಂದು ಕಂಪನಿಯ ಬ್ಯಾಟರಿ ಕೊಂಡರೆ ಮುಂದಿನ ಟೂಲ್‌ಗಳೂ ಸಾಮಾನ್ಯವಾಗಿ ಅದೇ ಕಂಪನಿಯದ್ದಾಗಬೇಕು, ಬೇರೆಯವರದಕ್ಕೆ ಕೂರುವುದು ಕಮ್ಮಿ. ಹ್ಯಾಮರ್ ಗತಿ ಏನಾಗುತ್ತದೆ ಎಂದು ನೋಡಿಕೊಂಡು ಅದನ್ನು ತೀರ್ಮಾನಿಸೋಣ ಎಂದು ತಮ್ಮ ಹೇಳುತ್ತಿದ್ದಾನೆ. ನನಗೂ ಅದೇ ಸರಿ ಅನ್ನಿಸಿದೆ.

ಬಿಲ್ಲು, ನೋಂದಣಿ ಪತ್ರ, ಎಸ್ಟಿಮೇಟ್ ಮತ್ತು ಫೋಟೊಗಳ ಪ್ರತಿ ಲಗತ್ತಿಸಿದ್ದೇನೆ. ಮೆಷಿನ್ ಬಿಚ್ಚಿದ ಸ್ಥಿತಿಯಲ್ಲೇ ನಿಮ್ಮ ಸರ್ವಿಸ್ ಸೆಂಟರಿನಲ್ಲಿದೆ. ಹಳೆಯ ಆರ್ಮೇಚರನ್ನು ಗುಜರಿಗೆ ಹಾಕದೆ ಹಾಗೇ ಇಟ್ಟಿರಲು ಅವರಿಗೆ ಇವತ್ತೇ ಹೇಳಿ.

ಇಂತಿ,
ನಿಮ್ಮ ಗ್ರಾಹಕ
ಕಾಮಾಕ್ಷಿಪಾಳ್ಯ, ಬೆಂಗಳೂರು