ದೋಸ್ತಗೊಂದು ಪತ್ರ: ಎದುರುಗಾಳಿಗೆ ಒಬ್ಬನೇ ಹೋಗಬ್ಯಾಡ

ದೋಸ್ತಾ,

ನಿನ್ನ ಮೆಸೇಜ್ ನೋಡಿದೆ. "ಸೈಕಲ್ ಕ್ಲಬ್ಬಿನವ್ರ ಜೋಡಿ ಬರಬೇಕಂತ ಆಸೆ ಅದ, ಆದ್ರ ನಾ ಹಿಂದ ಬೀಳ್ತೀನಿ, ನನ್ನ ಸಲುವಾಗಿ ನಿಮಗೆಲ್ಲಾ ತ್ರಾಸ" ಅಂತ ಬರದಿದ್ದಿ. ಇದಕ್ಕ ಎರಡು ಮಾತಿನ್ಯಾಗ ಉತ್ತರ ಕೊಟ್ಟು ಮುಗಸ್ಲಾಕ ಮನಸ್ಸಾಗಲಿಲ್ಲ, ಅದಕ್ಕ ಕುಂತು ಬರೀಲಾಕತ್ತೀನಿ, ಮತ್ತ ಎಲ್ಲಾರೂ ಓದೂಹಂಗ ಹಾಕ್ಲಾಕತ್ತೀನಿ, ಯಾಕಂದ್ರ ಸೈಕಲ್ ತಗೊಂಡು ಪಡಸಾಲ್ಯಾಗ ನಿಂದ್ರಿಸಿ ಇದೇ ಮಾತು ಹೇಳೂ ಮಂದಿ ನಮ್ಮ ವಿಜಯಪುರದಾಗ ಭಾಳ ಅದಾರ.

ನೀ ಇಷ್ಟು ವರ್ಷ ಬೆಂಗಳೂರಾಗ ಸೈಕಲ್ ಹೊಡದಾವ. ಅಲ್ಲಿ ತ್ರಾಸ ಅಂದ್ರ ಟ್ರಾಫಿಕ್ಕು, ಸಿಗ್ನಲ್ಲು, ಏರು. ನಮ್ಮ ಕಡೆ ಏರು ಎಲ್ಲಿ ಅದ ಹೇಳು? ಇಲ್ಲಿ ಇರೂದು ಗಾಳಿ. ಮಿರಗದ ಮಳಿ ಕೂಡಿತಂದ್ರ ಶುರು ಆಗ್ತದ, ಆಷಾಢದಾಗಂತೂ ಹಗಲು ರಾತ್ರಿ ಪಡುವಣ ಗಾಳಿ, ಎರಿಹೊಲ ಕಣ್ಣು ಹರಿಯೂತನಕ ಬಯಲು, ನಡಬರಕ ತಡೀಲಾಕ ಒಂದು ಗಿಡ ಇಲ್ಲ ಒಂದು ದಿನ್ನಿ ಇಲ್ಲ. ಗುಡ್ಡ ಆದ್ರ ಏರಿದ ಮ್ಯಾಲ ಇಳಿಜಾರರ ಸಿಗ್ತದ, ಗಾಳಿಗೆ ತುದಿನೇ ಇಲ್ಲ, ಮನಿ ಮುಟ್ಟೂತನಕ ಎದಿ ಮ್ಯಾಲೇ ಇರ್ತದ. ನೀ ಒಬ್ಬನೇ ಹೋಗಿ ದಣದು ಬಂದು "ನನ್ನ ಕಾಲಾಗ ತಾಕತ್ತಿಲ್ಲ" ಅಂತ ತಿಳಕೊಂಡಿಯಲ್ಲ, ಅದು ಕಾಲಿಂದಲ್ಲ ದೋಸ್ತಾ.

ಲೆಕ್ಕ ನೋಡು. ನೀ ತಾಸಿಗೆ 20 ಕಿಲೋಮೀಟರ್ ಹೊಂಟಿ, ಎದುರಿಗೆ ಗಾಳಿನೂ 20ರ ವೇಗದಾಗ ಬರ್ಲಾಕತ್ತದ ಅಂದ್ರ ನಿನ್ನ ಮೈಗೆ ಬಡಿಯೂ ಗಾಳಿ 40ರದು. ಗಾಳಿ ವೇಗ ಎರಡು ಪಟ್ಟಾದ್ರ ಅದು ಹಿಂದ ತಳ್ಳೂ ಜೋರು ನಾಕು ಪಟ್ಟಾಗ್ತದ. ಈಗ ನೀ ಇನ್ನೊಂದು ಸೈಕಲ್ ಹಿಂದ, ಸರಿಯಾಗಿ ಅದರ ಮರಿಗೆ ಬಂದಿ ಅಂತ ತಿಳಿ, ಅಂಥಾ ಗಾಳ್ಯಾಗ ನಿನ್ನ ಶ್ರಮದಾಗ ಕಾಲು ಭಾಗ ಆರಾಮ ಉಳೀತದ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚೇ. ಕಾಲು ಅವೇ, ಸೈಕಲ್ ಅದೇ. ಅದಕ್ಕ ನಮ್ಮ ಬಯಲಿನ್ಯಾಗ ಕೂಡಿ ಹೋಗೂದು ಬರೇ ಹರಟಿ ಹೊಡೀಲಾಕ ಅಂತ ತಿಳೀಬ್ಯಾಡ, ಕೂಡಿದ್ರನೇ ದೂರ ಹೋಗ್ಲಾಕ ಬರ್ತದ, ನನ್ನ ಮನಸ್ಸಿನ್ಯಾಗ ಇರೂ ಮಾತು ಇದು.

ಐತವಾರ ನಾವು ಕುಮಟಗಿಗೆ ಹೊಂಟೀವಿ. ಮುಂಜಾನಿ ಗೋಳಗುಮ್ಮಟದ ಎದುರಿಗೆ ಕೂಡಿ ಸಿಂದಗಿ ರಸ್ತೆ ಹಿಡದು ಮೂಡಣಕ್ಕ ಹೋಗೂದು, ಸುಮಾರು 20 ಕಿಲೋಮೀಟರ್. ಹೋಗುವಾಗ ಗಾಳಿ ಬೆನ್ನ ಹಿಂದ. ಆ ಸುಖ ನಾ ಬರದು ಹೇಳ್ಲಾಕ ಆಗಂಗಿಲ್ಲ, ನಿನ್ನ ವೇಗ ಗಾಳಿ ವೇಗ ಒಂದೇ ಆತಂದ್ರ ಕಿವ್ಯಾಗ ಸಪ್ಪಳನೇ ಇರಂಗಿಲ್ಲ, ಬಾಜೂದವ ಸಣ್ಣ ದನಿಲೆ ಮಾತಾಡಿದ್ರೂ ಕೇಳಸ್ತದ, ಎರಡೂ ಕಡೆ ಈಗಷ್ಟೇ ಎದ್ದ ತೊಗರಿ, ಹೆಸರು. ಕುಮಟಗ್ಯಾಗ ಆದಿಲ್‌ಶಾಹಿ ಕಾಲದ ನೀರಿನ ಮಹಲ್ ಅದಾವು, ಕೆರಿ ನೀರು ಎತ್ತರಕ್ಕ ಏರಿಸಿ ಕಾರಂಜಿಗೆ ಬಿಡ್ತಿದ್ರು. ಒಳಗ ಗ್ವಾಡಿ ಮ್ಯಾಲ ಬಣ್ಣದ ಚಿತ್ರ ಇದ್ದಾವು, ಕುದರಿ ಮ್ಯಾಲ ಕುಂತು ಪೋಲೋ ಆಡಾವ್ರು, ಕುಸ್ತಿ ಹಿಡಿಯಾವ್ರು, ಈಗ ಭಾಳ ಮಾಸ್ಯಾವು, ಆದ್ರೂ ಹೊತ್ತು ಕೊಟ್ಟು ನೋಡಿದ್ರ ಕೈಕಾಲು ಕಾಣಸ್ತಾವು. ಸಾಲಿ ಟ್ರಿಪ್ಪಿನ್ಯಾಗ ಯಾರೂ ನಮ್ಮನ್ನ ಇಲ್ಲಿಗೆ ಕರಕೊಂಡು ಬರಲಿಲ್ಲ ನೋಡು, ಊರಿಗಿ ಇಷ್ಟು ಹತ್ರ ಇಟಗೊಂಡು.

ವಾಪಸ್ ಬರೂದೇ ಖರೇ ರೈಡ್. ಈಗ ಗಾಳಿ ಮಕಕ್ಕ. ಇಲ್ಲಿ ಕ್ಲಬ್ಬಿನ್ಯಾಗ ಒಂದು ಪದ್ಧತಿ ಅದ: ಒಬ್ಬರ ಹಿಂದ ಒಬ್ಬರು ಸಾಲು, ಮುಂದಿನವ್ರು ಸ್ವಲ್ಪ ಹೊತ್ತು ಗಾಳಿ ತಡದು, ಹಿಂದ ಗಾಡಿ ಬರ್ಲಾಕತ್ತದೇನು ಅಂತ ಹೊಳ್ಳಿ ನೋಡಿ, ಕೈ ಮಾಡಿ ಬಾಜೂಕ ಸರದು, ಪೆಡಲ್ ಸಾವಕಾಶ ಮಾಡಿ ಸಾಲಿನ ಕಡೀಕ ಹೋಗಿ ಹತ್ತಗೋತಾರ. ಪಾಲಕಿ ಹೊರುವಾಗ ಹೆಗಲು ಬದಲಿ ಮಾಡ್ತಾರಲ್ಲ, ಹಂಗ. ಪಾಳಿ ಬಂದಾಗ ಹೊಸಬರು ಒಂದು ಕೆಲಸ ಮಾಡ್ತಾರ, ಹುರುಪಿಲೆ ಜೋರ್ ತುಳೀತಾರ, ಹಿಂದಿನ ಸಾಲು ಹರದು ಹೋಗ್ತದ. ಅದು ಬ್ಯಾಡ. ಮುಂದಿನವ ಎಷ್ಟರಾಗ ಹೊಂಟಿದ್ದ ಅಷ್ಟರಾಗೇ ಹೋಗು. ತಾಕತ್ತು ಇದ್ದಾವ್ರು ವೇಗ ಹೆಚ್ಚು ಮಾಡಬಾರದು, ಹೆಚ್ಚು ಹೊತ್ತು ಮುಂದ ಇರಬೇಕು, ಇದನ್ನ ನಮಗ ಕಲಿಸಿದಾವ್ರು ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಕಾಕಾ. ಗಾಳಿ ಎಷ್ಟೇ ಇರ್ಲಿ ಅವ್ರು ಮುಂದ ಬಂದ್ರ ಸಾಲು ಹರಿಯಂಗಿಲ್ಲ. ಮತ್ತ ನಿನಗ ದಣಿವಾಗಿದ್ರ ಪಾಳಿ ತಗೋಬ್ಯಾಡ, "ನಾ ಹಿಂದೇ ಇರ್ತೀನಿ" ಅಂತ ಹೇಳು, ಯಾರೂ ಏನೂ ಅನ್ನಂಗಿಲ್ಲ, ಖರೇನೇ ಯಾರೂ ಅನ್ನಂಗಿಲ್ಲ.

ಮುಂದಿನ ಸೈಕಲ್ಲಿಗೆ ಎಷ್ಟು ಹತ್ರ ಹೋಗಬೇಕು ಅಂತ ಕೇಳ್ತಿ. ಮೊದಮೊದಲು ಒಂದು ಸೈಕಲ್ಲಿನ ಉದ್ದ ಬಿಡು, ಲಾಭ ಸ್ವಲ್ಪ ಕಡಿಮಿ ಆಗ್ತದ, ಆಗ್ಲಿ. ನಿನ್ನ ಮುಂದಿನ ಗಾಲಿ ಅವ್ರ ಹಿಂದಿನ ಗಾಲಿ ಬಾಜೂಕ ಹೋಗೂಹಂಗ ಮಾತ್ರ ಬಿಡಬ್ಯಾಡ, ಅವ್ರು ಗುಂಡಿ ತಪ್ಪಿಸ್ಲಾಕ ಚೂರು ಸರದ್ರ ಗಾಲಿಗೆ ಗಾಲಿ ತಾಗಿ ಬೀಳೂದು ಹಿಂದಿನವನೇ. ಗಾಲಿ ನೋಡಕೋತ ಕುಂದರಬ್ಯಾಡ, ಅವ್ರ ಹೆಗಲ ಮ್ಯಾಲಿಂದ ಮುಂದಿನ ರಸ್ತೆ ನೋಡು. ಒಮ್ಮಿಂದೊಮ್ಮೆ ಬ್ರೇಕ್ ಹಿಡೀಬ್ಯಾಡ. ಗುಂಡಿ ಬಂತಂದ್ರ ಮುಂದಿನವ್ರು ಕೈಲೆ ತೋರಸ್ತಾರ, ಒದರ್ತಾರ, ನೀನೂ ಹಿಂದಿನವ್ರಿಗೆ ಹಂಗೇ ದಾಟಸಬೇಕು, ನಡಬರಕ ಒಬ್ಬ ಸುಮ್ಮಕಾದ್ರ ಅವನ ಹಿಂದಿನವ್ರೆಲ್ಲಾ ಕಣ್ಣು ಕಟಗೊಂಡು ಬಂದಂಗೇ. ಗಾಳಿ ಸೈಡಿನಿಂದ ಬಂದಾಗ ರೇಸಿನವ್ರು ರಸ್ತೆ ಅಗಲಕ್ಕ ಓರೆ ಸಾಲು ಕಟ್ಟತಾರ, ನೋಡ್ಲಾಕ ಭಾಳ ಛಂದ, ಆದ್ರ ಲಾರಿ ಬಸ್ಸು ಓಡ್ಯಾಡೂ ರಸ್ತ್ಯಾಗ ನಾವು ಅದನ್ನ ಮಾಡಂಗಿಲ್ಲ. ಗಾಳಿ ತಿಂದ್ರೂ ನಡೀತದ, ಎಡಕ್ಕ ಒಂದೇ ಸಾಲು.

ಹಿಂದ ಬೀಳೂ ಮಾತಿಗೆ ಬರೂಣು. ಸಾಲಿನ ಕಡೀಕ ಯಾವಾಗ್ಲೂ ಅನುಭವ ಇದ್ದವ್ರು ಒಬ್ಬರು ಇರ್ತಾರ, ಸ್ವೀಪ್ ಅಂತೀವಿ, ಅವ್ರನ್ನ ದಾಟಿ ಹಿಂದ ಯಾರೂ ಉಳಿಯೂಹಂಗಿಲ್ಲ. ನಮ್ಮ ಕ್ಲಬ್ಬಿನ್ಯಾಗ ಈ ಕೆಲಸ ಹೆಚ್ಚಾಗಿ ಮಾಡೂದು ಒಬ್ಬ ಟೀಚರ್ ಅಕ್ಕಾರು. ಜೋರ್ ಹೋಗೂ ಶಕ್ತಿ ಇದ್ದೂ ಅವ್ರು ಹಿಂದ ಇರ್ತಾರ, ಹೊಸದಾಗಿ ಬಂದಾವ್ರಿಗೆ "ಗೇರ್ ಇಳಸ್ರಿ, ಹಗುರ ಮಾಡ್ಕೋರಿ, ಕಾಲು ತಿರಗಲಿ" ಅಂತ ಹೇಳಕೋತ, ನೀರು ಕುಡದ್ರ್ಯೋ ಇಲ್ಲೋ ಕೇಳಕೋತ ಬರ್ತಾರ. ನನ್ನ ಕೇಳಿದ್ರ ಕ್ಲಬ್ ಅಂದ್ರ ಅವ್ರೇ. ಊರಾಗ ಬ್ಯಾರೆ ಜೋರ್ ಹೊಡಿಯೂ ಗುಂಪೂ ಅದಾವು, ಅವ್ರು ನಿಂದ್ರಂಗಿಲ್ಲ, ಅದೂ ತಪ್ಪಲ್ಲ, ಆದ್ರ ಶುರುವಾತಿಗೆ ಅಲ್ಲಿ ಹೋಗಬ್ಯಾಡ, ಒಂದು ಮುಂಜಾನಿ ಒಬ್ಬನೇ ರಸ್ತ್ಯಾಗ ಉಳದಿ ಅಂದ್ರ ಮತ್ತ ಸೈಕಲ್ ಮುಟ್ಟಂಗಿಲ್ಲ ನೀ.

ಹಾಂ, ಕ್ರೀಡಾ ಹಾಸ್ಟೆಲಿನ ಹುಡುಗ್ರು ಸಿಗ್ತಾರ. ಹದಿನಾಕು ಹದಿನೈದು ವಯಸ್ಸು, ತಾಂಡಾದಿಂದ, ಸಣ್ಣ ಸಣ್ಣ ಹಳ್ಳಿಯಿಂದ ಬಂದಾವ್ರು, ನಮ್ಮನ್ನ ದಾಟಿ ಹೋಗುವಾಗ ಬರೇ ಚೈನಿನ ಸಪ್ಪಳ ಕೇಳಸ್ತದ ಅಷ್ಟೇ. ಅವ್ರನ್ನ ಹಿಡೀಲಾಕ ಹೋಗಬ್ಯಾಡ, ಕೈ ಎತ್ತು, ಅವ್ರೂ ಎತ್ತತಾರ. ವಿಜಯಪುರ, ಬಾಗಲಕೋಟಿ ಅಂದ್ರ ದೇಶದ ಸೈಕ್ಲಿಂಗಿನ್ಯಾಗ ಹೆಸರು ಇದ್ದ ಜಿಲ್ಲಾ, ಜಾತ್ರ್ಯಾಗ ರೇಸ್ ಇಡೂ ಊರು ನಮ್ಮವು, ಗೇರ್ ಇಲ್ಲದ ಸೈಕಲ್ ಮ್ಯಾಲ ಬರಿಗಾಲಿಲೆ ಹೊಡಿಯೂ ಹುಡುಗ್ರನ್ನ ಸಣ್ಣಾವ್ರಿದ್ದಾಗ ನೀನೂ ನೋಡಿದ್ದಿ. ಇಂಥಾ ಊರಾಗ ಹುಟ್ಟಿ ಸೈಕಲ್ ಅಂದ್ರ ನನಗಲ್ಲ ಅಂತಿಯಲ್ಲ, ನನಗ ಅದೇ ಬ್ಯಾಸರ.

ಸಾಮಾನ ಭಾಳ ಬ್ಯಾಡ. ಹೆಲ್ಮೆಟ್ ಬೇಕೇ ಬೇಕು, ಇಲ್ಲದಿದ್ರ ರೈಡಿಗೆ ಬಿಡಂಗಿಲ್ಲ. ಒಂದು ಟ್ಯೂಬು, ಟೈರ್ ಬಿಚ್ಚೂ ಪಟ್ಟಿ, ಸಣ್ಣ ಪಂಪು. ನಮ್ಮ ರಸ್ತ್ಯಾಗ ಜಾಲಿಮುಳ್ಳು ತಪ್ಪಿದ್ದಲ್ಲ. ಪಂಕ್ಚರ್ ಆದ್ರ ಎಲ್ಲಾರೂ ನಿಂದರ್ತೀವಿ, ನೀ ಟ್ಯೂಬ್ ಹಾಕೂಕಿಂತ ಮೊದಲು ಟೈರಿನ ಒಳಗ ಬಟ್ಟಿ ಆಡಿಸಿ ಮುಳ್ಳು ಹುಡುಕು, ಇಲ್ಲಂದ್ರ ಅದೇ ಮುಳ್ಳು ಹೊಸ ಟ್ಯೂಬಿಗೂ ಚುಚ್ಚತದ. ಸೀಟಿನ ಎತ್ತರ ಇವತ್ತೇ ಸರಿ ಮಾಡ್ಕೋ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮ್ಯಾಲ ಇಟ್ರ ಕಾಲು ನೆಟ್ಟಗಾಗಬೇಕು. ನೀ ಮೊಣಕಾಲು ನೋಯ್ತದ ಅಂದಿದ್ದಿ, ಸೀಟು ಕೆಳಗಿದ್ದದ್ದಕ್ಕೇ ಇರಬಹುದು. ಮಳಿ ಬಂದ್ರ ಡಾಂಬರ ಬಿಟ್ಟು ಒಂದು ಗಜನೂ ಇಳೀಬ್ಯಾಡ, ಎರಿಮಣ್ಣು ಬ್ರೇಕಿಗೆ ತುಂಬಿಕೊಂಡು ಗಾಲಿ ತಿರಗೂದೇ ಬಂದ್. ಸುಗ್ಗಿ, ಬ್ಯಾಸಗಿ ಮಾತು ಮುಂದ ಹೇಳ್ತೀನಿ, ರಸ್ತಿ ಮ್ಯಾಲ ರಾಶಿ ಹಾಕಿರ್ತಾರ, ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಲೈಟ್ ಇಲ್ಲದ ಬರ್ತಾವು, ಅದೆಲ್ಲಾ ಈಗ ಬ್ಯಾಡ.

ಹೊಟ್ಟಿ ಚಿಂತಿ ಮಾಡಬ್ಯಾಡ, ವಾಪಸ್ ಬಂದ ಮ್ಯಾಲ ಸೂಸಲ, ಬಿಸಿ ಮಿರ್ಚಿ, ಚಹಾ, ಅಲ್ಲಿ ಒಂದು ತಾಸು ಮಾತು. ಹೊಂಡುವಾಗ ಮಾತ್ರ ಎರಡು ಬಾಳಿಹಣ್ಣು ತಿಂದು ಬಾ.

ಮುಂಜಾನಿ ಐದೂವರಿಗೆ ನಿಮ್ಮ ಓಣಿ ತುದಿಗೆ ನಾ ಬರ್ತೀನಿ, ಅಲ್ಲಿಂದ ಗುಮ್ಮಟದ ತನಕ ಕೂಡೇ ಹೋಗೂಣು. ರಾತ್ರಿ ಸೈಕಲ್ ನೋಡಿ ಒಂದು ಮೆಸೇಜ್ ಹಾಕು, ಟೈರಿನ ಸೈಡಿಗೆ ಸೈಜ್ ಬರದಿರ್ತದ, ಅದನ್ನ ಓದಿ ಹೇಳಿದ್ರ ನಿನಗ ಹೊಂದೂ ಟ್ಯೂಬ್ ನಾನೇ ತರ್ತೀನಿ.

ನಿನ್ನ ಗೆಳೆಯ