ಅಪ್ಪಯ್ಯನಿಗೆ ಓದಿ ಹೇಳು, ಆ ಒಂದು ಮಾತು ಬಿಟ್ಟು

ಲಂಡನ್
ಭಾನುವಾರ ರಾತ್ರಿ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಅಮ್ಮ, ಭಾವ, ಮಕ್ಕಳು ಹುಷಾರು ತಾನೇ?

ನಿನ್ನ ಪತ್ರ ಓದಿದ ಮೇಲೆ ಸರಿಯಾಗಿ ನಿದ್ದೆಯಿಲ್ಲ. ಸ್ಟೆಂಟ್ ಹಾಕಿದ ಮೇಲೆ ಅಪ್ಪಯ್ಯ ಜಗಲಿ ಬಿಟ್ಟು ಏಳುವುದಿಲ್ಲ, ಬಂದರಿನ ಕಡೆ ತಿರುಗಿಯೂ ನೋಡುವುದಿಲ್ಲ, ಬೋಟು ಮಾರುತ್ತೇನೆ ಅನ್ನುತ್ತಾರೆ ಎಂದು ಬರೆದಿದ್ದೀಯ. ಡಾಕ್ಟರು ಕಡಲಿಗೆ ಹೋಗಬೇಡಿ ಅಂದರೇ ಹೊರತು ಮನೆಯಲ್ಲೇ ಕೂತಿರಿ ಅನ್ನಲಿಲ್ಲ, ಅಲ್ವಾ?

ನಿನ್ನೆ ಗ್ರೀನಿಚ್‌ನ ಕಡಲ ಮ್ಯೂಸಿಯಂಗೆ ಹೋಗಿದ್ದೆ. ಟಿಕೆಟ್ ಇಲ್ಲ, ಅಮ್ಮನಿಗೆ ಹೇಳು. ಅಲ್ಲಿ ಒಂದು ಹಾಯಿಹಡಗಿನ ಹಿಂಭಾಗವನ್ನು ಕಿಟಕಿಗಳ ಸಮೇತ ನಿಲ್ಲಿಸಿದ್ದಾರೆ. ದೊಡ್ಡ ಮನೆಯ ಮುಂಬದಿ ಇದ್ದ ಹಾಗೆ ಕಾಣುತ್ತದೆ. ಇದರ ಕಥೆಯನ್ನು ಅಪ್ಪಯ್ಯನಿಗೆ ಓದಿ ಹೇಳು.

ಅದು ಫ್ರೆಂಚರ ಯುದ್ಧದ ಹಡಗು, 74 ಫಿರಂಗಿ. ಹೆಸರು ದುಗೇ ತ್ರುವಾಂ. 1805ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ಟ್ರಫಾಲ್ಗರ್ ಕಡಲ ಯುದ್ಧದಿಂದ ತಪ್ಪಿಸಿಕೊಂಡಿತು. ಎರಡೇ ವಾರಕ್ಕೆ, ನವೆಂಬರ್ 4ಕ್ಕೆ, ಇಂಗ್ಲಿಷರ ಕೈಗೆ ಸಿಕ್ಕಿತು. ಆಗ ಶತ್ರುವಿನ ಹಡಗನ್ನು ಮುಳುಗಿಸುವುದಕ್ಕಿಂತ ಹಿಡಿಯುವುದೇ ಲಾಭ. ಹಿಡಿದ ಹಡಗಿನ ಬೆಲೆಯಲ್ಲಿ ಕ್ಯಾಪ್ಟನ್‌ನಿಂದ ಹಿಡಿದು ಸಾದಾ ನಾವಿಕನವರೆಗೆ ಎಲ್ಲರಿಗೂ ಪಾಲು. ಹೊಸ ಹಡಗು ಕಟ್ಟುವ ಖರ್ಚೂ ಉಳಿಯಿತು. ರಿಪೇರಿ ಮಾಡಿ, ಇಂಪ್ಲಾಕಬಲ್ ಎಂದು ಹೆಸರಿಟ್ಟು, ತಮ್ಮ ಕಡೆಯಿಂದಲೇ ಯುದ್ಧಕ್ಕೆ ಕಳಿಸಿದರು.

ವಯಸ್ಸಾದ ಮೇಲೂ ಒಡೆದು ಸೌದೆ ಮಾಡಲಿಲ್ಲ ಅಕ್ಕಾ. 1855ರಿಂದ ಡೆವನ್‌ಪೋರ್ಟ್ ಬಂದರಿನಲ್ಲಿ ನಿಲ್ಲಿಸಿ ಹುಡುಗರಿಗೆ ಹಡಗಿನ ಕೆಲಸ ಕಲಿಸಲು ಬಳಸಿದರು. ಕಡಲಿಗೆ ಹೋಗದೆ ನಿಂತಲ್ಲೇ ಎಷ್ಟೋ ಮಕ್ಕಳನ್ನು ತಯಾರು ಮಾಡಿತು.

ಕೊನೆಗೆ ಪೋರ್ಟ್ಸ್‌ಮತ್‌ನಲ್ಲಿ ಅದರ ಜೊತೆಗಿದ್ದದ್ದು ಟ್ರಿಂಕೋಮಲಿ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಹಡಗು. ಅದು ಈಗಲೂ ಹಾರ್ಟಲ್‌ಪೂಲ್‌ನಲ್ಲಿದೆ. ನಮ್ಮ ಕಡೆಯ ಮರ ಅಂದರೆ ಸುಮ್ನೆ ಅಲ್ಲ!

ಈ ಒಂದು ಮಾತು ಮಾತ್ರ ಓದಬೇಡ. ಇಂಪ್ಲಾಕಬಲ್‌ನ ಮರ ಕೊಳೆತು, ರಿಪೇರಿಗೆ ದುಡ್ಡು ಸಾಲದೆ, ನಾನು ನೋಡಿದ ಆ ಹಿಂಭಾಗವನ್ನು ಬಿಚ್ಚಿಟ್ಟುಕೊಂಡು, 1949ರ ಡಿಸೆಂಬರ್ 2ರಂದು ಹಡಗನ್ನು ಕಡಲಲ್ಲಿ ಮುಳುಗಿಸಿದರು. ಎರಡೂ ದೇಶದ ಬಾವುಟ ಕಟ್ಟಿ ಕಳಿಸಿಕೊಟ್ಟರಂತೆ. ಅಲ್ಲೇ ನಿಂತು ಅತ್ತುಬಿಟ್ಟೆ.

ಬೋಟು ಮಾರುವುದು ಬೇಡ. ಸಾಲದ ಕಂತು ನಾನು ಕಟ್ಟುತ್ತೇನೆ, ನನಗೇನೂ ಕಷ್ಟವಿಲ್ಲ, ನಿಜವಾಗಲೂ ಇಲ್ಲ. ಬಲೆಯನ್ನು ಜಗಲಿಗೇ ತರಿಸು. ಪಕ್ಕದ ಮನೆ ಹುಡುಗರನ್ನು ಕರೆದು ಅಪ್ಪಯ್ಯನ ಹತ್ತಿರ ಕೂರಿಸು. ಒಂದು ಗಂಟು ತಪ್ಪಾಗಲಿ, ಅವರೇ ಎದ್ದು ಬರುತ್ತಾರೆ ನೋಡು.

ಗುಳಿಗೆ ತಪ್ಪಿಸಬಾರದು. ಉಪ್ಪಿನ ಮೀನು ಕೊಡಲೇಬೇಡ, ಎಷ್ಟು ಕೇಳಿದರೂ. ನನ್ನ ಬಗ್ಗೆ ಯಾರೂ ಚಿಂತೆ ಮಾಡಬೇಡಿ, ಹೊಟ್ಟೆ ತುಂಬಾ ಊಟ ಮಾಡುತ್ತೇನೆ.

ನಾಳೆ ಬೆಳಿಗ್ಗೆ ಐದಕ್ಕೆ ಏಳಬೇಕು. ಬೇಗ ಬರೆ.

ನಿನ್ನ ತಮ್ಮ