ಬೇಲ್ ಮೂರ್ತಿ ಮತ್ತು ಬಡಗಿಯ ಆಣೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ, ಬಾಬಿಲೋನಿನ ದೇವತೆಗಳ ಬಗೆಗಿನ ಲೇಖನದಲ್ಲಿ ‘ಆ ಜನ ಮರದ ತುಂಡನ್ನೇ ದೇವರೆಂದು ನಂಬಿದ್ದರು’ ಎಂದಿದೆ. ವಿಗ್ರಹ ಮಾಡುವವರನ್ನು ಗೇಲಿ ಮಾಡುವ ಬೈಬಲಿನ ಯೆಶಾಯ 44ನೇ ಅಧ್ಯಾಯ ಓದುವಾಗ ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳಲ್ಲೂ ಇದೇ ವಿವರಣೆ ಕೇಳಿಬರುತ್ತದೆ. ಬಾಬಿಲೋನಿನವರೇ ಬೆಣೆಲಿಪಿಯಲ್ಲಿ (ಬೆಣೆಯಾಕಾರದ ಗುರುತುಗಳ ಲಿಪಿ) ಬರೆದ ಮಣ್ಣಿನ ಫಲಕಗಳನ್ನು ನೋಡಿದರೆ ಸಂಗತಿ ಇಷ್ಟು ಸರಳವಿಲ್ಲ.

ಬೇಲ್ ಎಂದರೆ ಬಾಬಿಲೋನಿನ ಮುಖ್ಯ ದೇವರು ಮರ್ದುಕ್. ಯೆರೆಮೀಯ 50:2ರ ಮೆರೋದಾಕನೂ ಅವನೇ. ಅಲ್ಲಿನ ಮೂರ್ತಿಗಳಿಗೆ ಒಳಗೆ ಮರ, ಮೇಲೆ ಬೆಳ್ಳಿ-ಬಂಗಾರದ ತಗಡು. ಕೆತ್ತಿ ಮುಗಿಸಿದ ಮಾತ್ರಕ್ಕೆ ಪೂಜೆ ಸಲ್ಲುತ್ತಿರಲಿಲ್ಲ. ‘ಬಾಯಿ ತೊಳೆಯುವ’ ವಿಧಿ ಎರಡು ದಿನ ನಡೆಯಬೇಕಿತ್ತು: ಕುಶಲಕರ್ಮಿಗಳ ಕಮ್ಮಟದಲ್ಲಿ ಆರಂಭ, ಬಳಿಕ ನದಿದಂಡೆಯ ತೋಟದಲ್ಲಿ ಜೊಂಡಿನ ಗುಡಿಸಲು, ಕೊನೆಗೆ ಗುಡಿ. ಬಾಬಿಲೋನಿನ ಪಾಠದಂತೆ ಬಾಯಿ ತೊಳೆಯುವುದು ಒಟ್ಟು 14 ಸಲ. ಬಾಯಿ ತೆರೆಯದ ಮೂರ್ತಿ ಧೂಪ ಮೂಸದು, ಉಣ್ಣದು, ನೀರು ಕುಡಿಯದು ಎಂದು ಅವರ ಮಂತ್ರವೇ ಹೇಳುತ್ತದೆ. ನೇತ್ರೋನ್ಮೀಲನ (ಮೂರ್ತಿಯ ಕಣ್ಣು ತೆರೆಸುವ ವಿಧಿ) ಬಲ್ಲ ನಮ್ಮ ಶಿಲ್ಪಿಗಳಿಗೆ ಇದು ತೀರ ಹೊಸದೆನಿಸಲಿಕ್ಕಿಲ್ಲ.

ಮುಖ್ಯವಾದದ್ದು ಕುಶಲಕರ್ಮಿಗಳ ಪಾತ್ರ. ಕೊಡಲಿ, ಉಳಿ, ಗರಗಸಗಳನ್ನು ಕುರಿಯ ತೊಡೆಯೊಳಗಿಟ್ಟು ಕಟ್ಟಿ ನದಿಗೆ ಎಸೆಯುತ್ತಿದ್ದರು. ಕೆಲಸಗಾರರ ಕೈಗಳನ್ನು ಬಟ್ಟೆಯಿಂದ ಬಿಗಿದು, ಮರದ ಕತ್ತಿಯಿಂದ ಕಡಿದಂತೆ ನಟಿಸುತ್ತಿದ್ದರು. ‘ಇದನ್ನು ಮಾಡಿದವನು ನಾನಲ್ಲ, ನಿನಿಲ್ದು ದೇವರು’ ಎಂದು ಬಡಗಿ ತನ್ನ ಕಸುಬಿನ ದೇವರ ಹೆಸರಲ್ಲಿ ಆಣೆ ಇಡಬೇಕಿತ್ತು. ಅಕ್ಕಸಾಲಿಗನದೂ ಅದೇ ಆಣೆ, ದೇವರ ಹೆಸರಷ್ಟೇ ಬೇರೆ.

ಪ್ರವಾದಿಗಳ ಏಟು ಬೀಳುವುದು ಸರಿಯಾಗಿ ಈ ಆಣೆಯ ಮೇಲೆ. ಯೆಶಾಯನು ಬಡಗಿಯ ನೂಲು, ಕೈವಾರಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅದೇ ಮರದ ಅರ್ಧ ಭಾಗ ರೊಟ್ಟಿ ಸುಡುವ ಒಲೆಗೆ ಹೋಯಿತೆಂದು ಚುಚ್ಚುತ್ತಾನೆ. ಅಲುಗಾಡದಿರಲೆಂದು ಮೊಳೆ ಹೊಡೆದದ್ದನ್ನು ಯೆರೆಮೀಯ (10:4) ಬಿಡುವುದಿಲ್ಲ. ಆಚರಣೆಯನ್ನು ಬಲ್ಲವರಂತೆಯೇ ಇಬ್ಬರೂ ಕುಟುಕಿದ್ದಾರೆ. ಅಜ್ಞಾನದ ಗೇಲಿ ಎಂದು ಓದಿದರೆ ಅರ್ಧ ಹರಿತ ಹೋಗುತ್ತದೆ.

ಯೆಶಾಯ 46ರಲ್ಲಿ ಬೇಲ್ ಮತ್ತು ಬಾಬಿಲೋನಿನ ಇನ್ನೊಬ್ಬ ದೇವರಾದ ನೆಬೋ ಮೂರ್ತಿಗಳು ದಣಿದ ಪಶುಗಳ ಮೇಲಿನ ಹೊರೆಯಾಗುತ್ತವೆ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಪಾರಸಿಯ ಅರಸ ಕೋರೆಷನು ಮೂರ್ತಿ ಕಿತ್ತೊಯ್ದನೆಂದು ಇದಕ್ಕೆ ಜೋಡಿಸುವುದು ತಪ್ಪು. ಮರ್ದುಕನೇ ತನ್ನನ್ನು ಆರಿಸಿದನೆಂದು ಕೋರೆಷನ ಮಣ್ಣಿನ ಉರುಳೆಯ ಶಾಸನ ಹೇಳಿಕೊಳ್ಳುತ್ತದೆ. ಮೂರ್ತಿ ಹೊತ್ತೊಯ್ದವರಲ್ಲಿ ಹಿಂದಿನ ಕಾಲದ ಏಲಾಮಿನವರು (ಬಾಬಿಲೋನಿನ ಪೂರ್ವಕ್ಕಿದ್ದ ನಾಡಿನವರು) ಇದ್ದಾರೆ; ಕ್ರಿ.ಪೂ. 12ನೇ ಶತಮಾನದಲ್ಲಿ ಅವರಿಂದ ಅದನ್ನು ಮರಳಿ ತಂದವನು ಬಾಬಿಲೋನಿನ ಅರಸ ಒಂದನೇ ನೆಬೂಕದ್ನೆಚ್ಚರ, ಬೈಬಲಿನಲ್ಲಿ ಬರುವ ಅದೇ ಹೆಸರಿನ ಅರಸನಿಗಿಂತ ಬಹಳ ಹಿಂದಿನವನು.

ಇನ್ನೊಂದು ಸಣ್ಣ ಮಾತು. ದಾನಿಯೇಲನು ನೆಲಕ್ಕೆ ಬೂದಿ ಚೆಲ್ಲಿ, ನೈವೇದ್ಯ ತಿನ್ನುತ್ತಿದ್ದ ಬೇಲ್ ಪೂಜಾರಿಗಳ ಹೆಜ್ಜೆ ಹಿಡಿದ ಕಥೆ ಕಥೋಲಿಕ ಬೈಬಲಿನ ದಾನಿಯೇಲ 14ರಲ್ಲಿದೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಆ ಪುಸ್ತಕ 12ನೇ ಅಧ್ಯಾಯಕ್ಕೇ ಮುಗಿಯುತ್ತದೆ.

– ಓದುಗ, ಧಾರವಾಡ